ಬೆಳ್ಳಿತೆರೆಯ ಬಂದೂಕು, ಕಿತ್ತೂರಿನ ಬಂದೂಕು

ಕಳೆದ ಭಾನುವಾರ ಸಂಜೆ ಭೋಸರಿಯ ಗೆಳೆಯರೊಬ್ಬರ ಮನೆಯಲ್ಲಿ ನಾಲ್ಕಾರು ಕನ್ನಡ ಕುಟುಂಬಗಳು ಕೂಡಿ 'ಕಿತ್ತೂರು ಚೆನ್ನಮ್ಮ' ಚಿತ್ರವನ್ನು ನೋಡಿದೆವು. ಬಿ. ಆರ್. ಪಂತುಲು ಅವರು 1961ರಲ್ಲಿ ತೆಗೆದ ಚಿತ್ರ, ಬಿ. ಸರೋಜಾದೇವಿಯವರ ಚೆನ್ನಮ್ಮ, ರಾಜಕುಮಾರರ ಮಲ್ಲಸರ್ಜ. ಹಿರಿಯರಿಗೆ ಅದು ಎಷ್ಟನೆಯ ಸಲವೋ, ಮಕ್ಕಳಿಗೆ ಮಾತ್ರ ಮೊದಲನೆಯದು. ಚಿತ್ರ ಮುಗಿದು ಚಹ ಕೈಗೆ ಬರುವಷ್ಟರಲ್ಲಿ ಮನೆಯ ಹತ್ತು ವರುಷದ ಹುಡುಗ ಕೇಳಿಯೇಬಿಟ್ಟ:

"ಕಾಕಾ, ಇಂಗ್ಲಿಷರ ಕಡೆ ಬಂದೂಕ ಇದ್ವು, ನಮ್ಮವರ ಕಡೆ ಬರೇ ಕತ್ತಿ. ಹಂಗಿದ್ರ ಮೊದಲನೇ ಸಲ ನಮ್ಮವರು ಹೆಂಗ ಗೆದ್ರು?"

ಪ್ರಶ್ನೆ ಚಿಕ್ಕದು, ಆದರೆ ಸುಮ್ಮನೆ ಬಿಡುವಂಥದಲ್ಲ. ಕತ್ತಿವರಸೆಯ ಸಾಹಸಚಿತ್ರಗಳನ್ನು ನೋಡುತ್ತ ಬೆಳೆದ ನಮ್ಮಲ್ಲಿ ಅನೇಕರಿಗೂ ಇದೇ ಭಾವನೆಯುಂಟು: ಕತ್ತಿ ನಮ್ಮದು, ಬಂದೂಕು ಪರದೇಶದವರದು. ನಿಜಸ್ಥಿತಿ ಹಾಗಿಲ್ಲ. 1520ರ ರಾಯಚೂರಿನ ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ತುಗೀಜ ಬಂದೂಕುಗಾರರು ಕಾದಿದ್ದರು. ಹೈದರನೂ ಟಿಪ್ಪುವೂ ಹಾರಿಸಿದ ಕಬ್ಬಿಣದ ಕೊಳವೆಯ ಅಗ್ನಿಬಾಣಗಳನ್ನು ನೋಡಿ ಇಂಗ್ಲಿಷರೇ ಪಾಠ ಕಲಿತರು. ಕಿತ್ತೂರಿನ ಕಾಲಕ್ಕೆ ಮದ್ದುಗುಂಡು ನಮ್ಮ ನಾಡಿಗೆ ಹೊಸತೇನೂ ಆಗಿರಲಿಲ್ಲ.

ಆಗಿನ ಬಂದೂಕುಗಳಲ್ಲಿ ಎರಡು ಬಗೆ. ನಮ್ಮ ದೇಸಗತಿಗಳಲ್ಲಿ ಹೆಚ್ಚಾಗಿ ಇದ್ದುದು ಬತ್ತಿಯ ಬಂದೂಕು. ಹೊಗೆಯಾಡುವ ಹುರಿಯ ತುದಿಯನ್ನು ಮದ್ದಿಗೆ ತಾಗಿಸಿ ಹಾರಿಸುವಂಥದು. ಕಂಪನಿಯ ಸಿಪಾಯಿಯ ಕೈಯಲ್ಲಿದ್ದುದು ಚಕಮಕಿಯ ಬಂದೂಕು. ಕುದುರೆ ಎಳೆದರೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತಿತ್ತು. ಎರಡರಲ್ಲೂ ಮೊದಲು ಹೊತ್ತಿಕೊಳ್ಳುವ ಚಿಟಿಕೆ ಮದ್ದಿಗೆ ರಂಜಕವೆಂದು ಹೆಸರು. ರೊಟ್ಟಿಯ ಜೊತೆಗೆ ಕೆಂಪು ಮೆಣಸಿನಕಾಯಿಯ ರಂಜಕವನ್ನು ನೆಕ್ಕುವ ನಮ್ಮವರಿಗೆ ಆ ಹೆಸರಿನ ಕಾವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೆರೆಯ ಮೇಲಿನ ಬಂದೂಕು ಬೇಕಾದಾಗಲೆಲ್ಲ ಢಮ್ಮೆನ್ನುತ್ತದೆ. ನಿಜವಾದದ್ದು ಹಾಗಲ್ಲ. ಕಾಗದದ ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು, ರಂಜಕ ಹಾಕಬೇಕು, ಉಳಿದ ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನಿಳಿಸಿ, ಕಬ್ಬಿಣದ ಸಲಾಕೆಯಿಂದ ಜಡಿಯಬೇಕು. ಆಮೇಲೆ ಒಂದೇ ಏಟು. ಚೆನ್ನಾಗಿ ಪಳಗಿದ ಸಿಪಾಯಿಗೂ ನಿಮಿಷಕ್ಕೆ ಮೂರು ಏಟು ಹಾರಿಸಿದರೆ ಹೆಚ್ಚು. ನೂರು ಗಜದಾಚೆ ಗುರಿಯ ಭರವಸೆ ಇಲ್ಲ. ಮಳೆ ಬಂದು ಮದ್ದು ನೆನೆದರೆ ಅದು ಬರಿಯ ದೊಣ್ಣೆ. ಆದುದರಿಂದಲೇ ಮೊದಲ ಗುಂಡು ಹಾರಿದೊಡನೆ ಮೇಲೆ ಬೀಳುವ ಕತ್ತಿಯವನಿಗೆ ಆ ಕಾಲದಲ್ಲಿ ಬೆಲೆಯಿತ್ತು. ಚಿತ್ರಗಳ ಕತ್ತಿಕಾಳಗ ಪೂರ್ತಿ ಸುಳ್ಳೆನ್ನಲಾಗದು.

ಇನ್ನು ಹುಡುಗನ ಪ್ರಶ್ನೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ತೋಪು ತಂದು ನಿಲ್ಲಿಸಿದ. ಈ ಹೆಸರು ಕೇಳಿದರೆ ಪುಣೆಯ ನಮ್ಮ ಮಕ್ಕಳಿಗೆ ಬೇರೆ ಯಾರೋ ನೆನಪಾದಾರು. ಈತ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಯ ಚಿಕ್ಕಪ್ಪ. ಬಾಗಿಲು ಒಡೆಯುವೆನೆಂದು ಆತ ಬೆದರಿಸಿದ. ಬಾಗಿಲು ತೆರೆಯಿತು, ಆದರೆ ಶರಣಾಗತಿಗಲ್ಲ, ಕಿತ್ತೂರಿನ ದಂಡು ಹೊರಗೆ ನುಗ್ಗುವುದಕ್ಕೆ. ಥ್ಯಾಕರೆ ಗುಂಡೇಟಿಗೆ ಬಿದ್ದ. ಆ ಗುಂಡು ಅಮಟೂರ ಬಾಳಪ್ಪನದೆಂದು ನಾಡಿನ ಜನ ಇಂದಿಗೂ ಹಾಡಿ ಹೊಗಳುತ್ತಾರೆ. ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಆ ದಿನದ ಜಯದಲ್ಲಿ ಕತ್ತಿಗೆ ಎಷ್ಟು ಪಾಲೋ ಕನ್ನಡಿಗನ ಬಂದೂಕಿಗೂ ಅಷ್ಟೇ ಪಾಲು.

ಹಾಗಾದರೆ ಡಿಸೆಂಬರಿನಲ್ಲಿ ಸೋತದ್ದೇಕೆ? ಬಂದೂಕಿಲ್ಲದೆ ಅಲ್ಲ. ಪುಣೆಯಲ್ಲಿದ್ದ ದಖ್ಖನಿನ ಕಮಿಷನರ್ ಚಾಪ್ಲಿನ್ ಈ ಸಲ ತಾನೇ ಮುಂದೆ ನಿಂತ. ಹಲವು ಕಡೆಯಿಂದ ದಂಡೂ ದೊಡ್ಡ ತೋಪುಗಳೂ ಬಂದು ಸೇರಿದವು. ಒಂದು ಸಂಸ್ಥಾನ ಒಂದು ಸಾಮ್ರಾಜ್ಯಕ್ಕೆ ಎದುರಾಯಿತು. ಒಳಗಿನ ದ್ರೋಹಿಗಳು ಕಿತ್ತೂರಿನ ಮದ್ದಿನಲ್ಲಿ ಸೆಗಣಿ ಬೆರೆಸಿದರೆಂಬ ಮಾತೂ ಆ ಸೀಮೆಯಲ್ಲಿ ಮನೆಮಾತಾಗಿದೆ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಇಷ್ಟನ್ನೂ ಕೇಳಿದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಮ್ಮವರೇನು ಹಿಂದ ಇರಲಿಲ್ಲ" ಎಂದ. ಅವನ ತಾಯಿ ನಮ್ಮ ಕಡೆ ನೋಡಿ ನಕ್ಕರು. ಇಲ್ಲಿ ಶಾಲೆಯಲ್ಲಿ ನಮ್ಮ ಮಕ್ಕಳು ಸಿಂಹಗಡ, ಪ್ರತಾಪಗಡಗಳ ಕಥೆ ಕಲಿಯುತ್ತಾರೆ. ಕಲಿಯಲಿ, ಅದು ಸಂತೋಷವೇ. ಕಿತ್ತೂರಿನ ಕಥೆಯನ್ನು ಮಾತ್ರ ನಾವೇ ಹೇಳಬೇಕು, ಅದೂ ಸರಿಯಾಗಿ. ನಮ್ಮವರು ಶೂರರು, ಆದರೆ ಏನೂ ಅರಿಯದವರು ಎಂಬ ಅರ್ಧ ಹೊಗಳಿಕೆ ಮಕ್ಕಳ ಮನಸ್ಸಿನಲ್ಲಿ ಉಳಿಯಬಾರದು.

ಪುಣೆ ಪೇಟೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿ ಹಳೆಯ ಆಯುಧಗಳಿವೆ. ಬರುವ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವುದೆಂದು ಅಂದೇ ಗೊತ್ತುಮಾಡಿದೆವು. ವಾಚಕರೂ ತಮ್ಮ ಮಕ್ಕಳೊಡನೆ ಬಂದರೆ ಇನ್ನೂ ಚೆನ್ನ.