ಪುರುಷರ ತಲೆಗೂದಲು ಉದುರುವದೇಕೆ?

ನಮ್ಮ ಅಜ್ಜಂದಿರ ಕಾಲದಲ್ಲಿ ಬಕ್ಕತಲೆಯು ಅಷ್ಟೊಂದು ಚಿಂತೆಯ ವಿಷಯವಾಗಿರಲಿಲ್ಲ. ಆಗಿನ ಅನೇಕ ಗೃಹಸ್ಥರು ಮುಂದಲೆಯನ್ನು ಬೋಳಿಸಿ, ಹಿಂದೆ ಶಿಖೆಯನ್ನು ಬಿಟ್ಟು, ಮೇಲೆ ರುಮಾಲನ್ನೋ ಪಗಡಿಯನ್ನೋ ಧರಿಸುತ್ತಿದ್ದರು. ನಿಸರ್ಗವು ಮುಂದೆ ಕಸಿದುಕೊಳ್ಳುವದನ್ನು ಕ್ಷೌರಿಕನೇ ಮೊದಲು ತೆಗೆದುಬಿಡುತ್ತಿದ್ದನು. ಈಗ ಶಿಖೆಯೂ ಹೋಯಿತು, ರುಮಾಲೂ ಹೋಯಿತು. ತಲೆಯು ಬಯಲಿಗೆ ಬಂದಿತು. ಬೆಳಗಾವಿಯ ಖಡೇಬಜಾರದಲ್ಲಿ ಬಗೆಬಗೆಯ ಕೇಶತೈಲಗಳು ಮಾರಾಟಕ್ಕಿವೆ. ಖಾನಾಪುರದ ಕಡೆಯ ಸಂತೆಗಳಲ್ಲಿಯೂ ಬೇರುನಾರುಗಳ ಎಣ್ಣೆಯ ಶೀಸೆಗಳನ್ನು ಹರಡಿಕೊಂಡು ಕೂಡ್ರುವವರುಂಟು. ಕನ್ಯೆಯನ್ನು ನೋಡಲು ಹೊರಟ ತರುಣನು ಕನ್ನಡಿಯ ಮುಂದೆ ನಿಂತು ನಿಟ್ಟುಸಿರು ಬಿಡುವ ಕಾಲವಿದು. ಆದರೆ ಯಾವ ಎಣ್ಣೆಯೆಂದು ಕೇಳುವ ಮೊದಲು, ಕೂದಲು ಯಾವ ಬಗೆಯಿಂದ ಉದುರಿತೆಂಬುದನ್ನು ಕೇಳಬೇಕು.

ಮನುಷ್ಯನ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿರುವವು. ಒಂದೊಂದು ಕೂದಲೂ 2ರಿಂದ 6 ವರ್ಷಗಳವರೆಗೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆದು, ಬಳಿಕ ಎರಡು ಮೂರು ತಿಂಗಳು ವಿಶ್ರಮಿಸಿ ಉದುರುವದು. ಅದೇ ಬೇರಿನಲ್ಲಿ ಹೊಸದು ಹುಟ್ಟುವದು. ಆದುದರಿಂದ ದಿನಕ್ಕೆ 50ರಿಂದ 100 ಕೂದಲು ಬಾಚಣಿಗೆಗೆ ಬಂದರೆ ಅದು ರೋಗವಲ್ಲ.

ನಮ್ಮ ಪ್ರಾಚೀನ ವೈದ್ಯರು ಈ ವಿಷಯವನ್ನು ಲಕ್ಷ್ಯಪೂರ್ವಕವಾಗಿ ನೋಡಿದ್ದರು. ಸುಶ್ರುತನು ಇದನ್ನು ಕ್ಷುದ್ರರೋಗಗಳಲ್ಲಿ ಎಣಿಸಿ, ಇಂದ್ರಲುಪ್ತ, ಖಾಲಿತ್ಯ ಎಂಬ ಹೆಸರುಗಳನ್ನು ಒಂದೇ ವಿಕಾರಕ್ಕೆ ಕೊಟ್ಟನು. ವಾಗ್ಭಟನಾದರೋ ಇವೆರಡನ್ನು ಬೇರ್ಪಡಿಸಿ, ಖಾಲಿತ್ಯದಲ್ಲಿ ಕೂದಲು ಕ್ರಮಕ್ರಮವಾಗಿ ಹೋಗುವದೆಂದು ಹೇಳಿದನು. ಈ ಭೇದವು ಇಂದಿಗೂ ಬಹಳ ಉಪಯುಕ್ತವಾದುದು.

ಪುರುಷರಲ್ಲಿ ಹೆಚ್ಚಾಗಿ ಕಾಣುವದು ಈ ಕ್ರಮಕ್ರಮದ ಬಗೆಯೇ. ಹಣೆಯ ಎರಡೂ ಮೂಲೆಗಳು ಹಿಂದೆ ಸರಿಯುವವು, ನೆತ್ತಿಯು ತೆಳುವಾಗುವದು, ಕೊನೆಗೆ ಕಿವಿಗಳ ಮೇಲೂ ಹಿಂದಲೆಯಲ್ಲಿಯೂ ಕುದುರೆಯ ಲಾಳದಂತೆ ಒಂದು ಪಟ್ಟಿಯು ಉಳಿಯುವದು. ಇದರ ಮೂಲವು ಪುರುಷತ್ವದ ಹಾರ್ಮೋನಿನಲ್ಲಿದೆ. ಟೆಸ್ಟೊಸ್ಟೆರೋನ್ ಎಂಬ ಆ ದ್ರವ್ಯವು ದೇಹದಲ್ಲಿ ಡೈಹೈಡ್ರೋಟೆಸ್ಟೊಸ್ಟೆರೋನ್ ಎಂಬುದಾಗಿ ಮಾರ್ಪಟ್ಟು, ಅದಕ್ಕೆ ಸೋಲುವ ಸ್ವಭಾವವನ್ನು ಹುಟ್ಟಿನಿಂದ ಪಡೆದ ಬೇರುಗಳನ್ನು ಸಣ್ಣವಾಗಿಸುತ್ತ ಹೋಗುವದು. ಹಿಂದಲೆಯ ಬೇರುಗಳು ಸೋಲುವದಿಲ್ಲ. 1942ರಲ್ಲಿ ಅಮೇರಿಕೆಯ ಹ್ಯಾಮಿಲ್ಟನ್ ಎಂಬ ಶರೀರಶಾಸ್ತ್ರಜ್ಞನು ಇದನ್ನು ತೋರಿಸಿದನು: ಪ್ರಾಯಕ್ಕೆ ಬರುವ ಮೊದಲೇ ವೃಷಣಹೀನರಾದವರಿಗೆ ಬಕ್ಕತಲೆ ಬಾರದು, ಅಂಥವರಿಗೆ ಆ ಹಾರ್ಮೋನನ್ನು ಕೊಟ್ಟರೆ, ವಂಶದಲ್ಲಿ ಬಕ್ಕತಲೆಯಿದ್ದವರಿಗೆ ಬರುವದು. ಸೋದರಮಾವನ ತಲೆಯನ್ನು ನೋಡಿ ಅಳಿಯನ ಭವಿಷ್ಯವನ್ನು ಹೇಳುವ ರೂಢಿಯಲ್ಲಿ ಸ್ವಲ್ಪ ಸತ್ಯವುಂಟು. ತಂದೆಯ ಕಡೆಯ ಪಾಲೂ ಇರುವದರಿಂದ ಪೂರ್ಣ ಸತ್ಯವಿಲ್ಲ. ಊರ ಗಡಸು ನೀರನ್ನೂ ಮೋಟಾರುಸೈಕಲ್ಲಿನ ಶಿರಸ್ತ್ರಾಣವನ್ನೂ ದೂರುವವರು ಬಹಳ. ಈ ಬಗೆಯ ಬಕ್ಕತಲೆಗೆ ಅವು ಕಾರಣಗಳಲ್ಲ.

ಇನ್ನು ಜ್ವರದ ಬಳಿಕ ಉದುರುವ ಬಗೆ. ಇಲ್ಲಿಯೇ ಜನರು ಹೆಚ್ಚಾಗಿ ಮೋಸಹೋಗುವರು. ಖಾನಾಪುರ ತಾಲೂಕಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಆಷಾಢದಲ್ಲಿ ವಿಷಮಶೀತಜ್ವರದಿಂದ ಮೂರು ವಾರ ಹಾಸಿಗೆ ಹಿಡಿದಿದ್ದನು. ಎದ್ದು ಓಡಾಡತೊಡಗಿ, ಜ್ವರವನ್ನು ಎಲ್ಲರೂ ಮರೆತ ಮೇಲೆ, ದಸರೆಯ ಹೊತ್ತಿಗೆ ಕೂದಲು ಹಿಡಿಹಿಡಿಯಾಗಿ ಬರಹತ್ತಿತು. ನಿಶ್ಚಯವಾಗುವದರಲ್ಲಿದ್ದ ಸಂಬಂಧವು ದೀಪಾವಳಿಗೆ ಮುರಿಯಿತು. ತಂದೆಯು ಭತ್ತದ ಚೀಲಗಳನ್ನು ಮಾರಿ ಎಣ್ಣೆ ಕೊಂಡನು. ಯುಗಾದಿಗೆ ತಲೆಯು ಮೊದಲಿನಂತಾಯಿತು. ಎಣ್ಣೆಯವನು ಹುಡುಗನ ತಲೆಯನ್ನು ಊರೂರಿಗೆ ಸಾಕ್ಷಿಯಾಗಿ ಹೇಳುತ್ತ ಹೋದನು. ನಿಜವೇನೆಂದರೆ, ತೀವ್ರ ಜ್ವರದಿಂದ ಅನೇಕ ಕೂದಲುಗಳು ಒಮ್ಮೆಲೆ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳ ತರುವಾಯ ಒಟ್ಟಿಗೆ ಉದುರುವವು. ಬೇರು ಸಾಯುವದಿಲ್ಲ, ಆರು ತಿಂಗಳೊಳಗೆ ಬಹುತೇಕ ತಾನಾಗಿಯೇ ತಿರುಗಿ ಬರುವದು. ಡೆಂಗೀ ಜ್ವರ, ಕೋವಿಡ್, ದೊಡ್ಡ ಶಸ್ತ್ರಚಿಕಿತ್ಸೆಗಳ ಬಳಿಕವೂ ಇದೇ ಕ್ರಮವು. ಆ ಕನ್ಯೆಯ ತಂದೆಗೆ ಇಷ್ಟು ತಿಳಿಸುವವರು ಒಬ್ಬರಿದ್ದರೆ ಸಾಕಾಗಿತ್ತು.

ರೂಪಾಯಿಯ ನಾಣ್ಯದಷ್ಟು ಸ್ಥಳವು ಒಮ್ಮೆಲೆ ನುಣ್ಣಗಾದರೆ ಹುಳ ತಿಂದಿದೆಯೆನ್ನುವರು. ಹುಳವಿಲ್ಲ; ದೇಹದ ರಕ್ಷಣಾಶಕ್ತಿಯೇ ಕೂದಲಿನ ಬೇರನ್ನು ಶತ್ರುವೆಂದು ಬಗೆಯುವದು. ಹಲವರಲ್ಲಿ ತಾನೇ ಗುಣವಾಗುವದು, ಚರ್ಮವೈದ್ಯರ ಸೂಜಿಮದ್ದೂ ಇದೆ. ಹೊಟ್ಟು, ತುರಿಕೆ, ಮುರಿದ ಕೂದಲು ಇದ್ದರೆ ಅದು ಶಿಲೀಂಧ್ರದ ಗಜಕರ್ಣವಾಗಿರಬಹುದು. ಮಕ್ಕಳಲ್ಲಿ ಹೆಚ್ಚು, ಹೊಟ್ಟೆಗೆ ಔಷಧವು ಬೇಕೇ ಬೇಕು. ಥೈರಾಯ್ಡ್ ಗ್ರಂಥಿಯ ದೋಷ, ಕಬ್ಬಿಣಾಂಶದ ಕೊರತೆಗಳೂ ಕೂದಲನ್ನು ತೆಳುವಾಗಿಸುವವು. ಅತಿಯೂ ಕೇಡೇ: 2025ರ ಆರಂಭದಲ್ಲಿ ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಹಳ್ಳಿಗಳಲ್ಲಿ ನೂರಾರು ಜನರ ಕೂದಲು ಕೆಲವೇ ದಿನಗಳಲ್ಲಿ ಉದುರಿದಾಗ, ರೋಗಿಗಳ ರಕ್ತದಲ್ಲಿ ಸೆಲೆನಿಯಂ ಧಾತುವು ಅಧಿಕವಾಗಿ ಕಂಡುಬಂದಿತು.

ಔಷಧವಿಲ್ಲವೇ? ಉಂಟು, ಮಿತವಾಗಿ. ರಕ್ತದೊತ್ತಡಕ್ಕೆಂದು ಹುಟ್ಟಿದ ಮಿನೊಕ್ಸಿಡಿಲ್ ಎಂಬುದನ್ನು ತಲೆಗೆ ಹಚ್ಚಲು 1988ರಲ್ಲಿ ಅಮೇರಿಕೆಯಲ್ಲಿ ಅನುಮತಿ ದೊರೆಯಿತು. ನಾಲ್ಕಾರು ತಿಂಗಳು ಹಚ್ಚಿದಲ್ಲದೆ ಫಲವಿಲ್ಲ. ಬಿಟ್ಟರೆ ಬಂದುದೂ ಹೋಗುವದು. 1997ರಿಂದ ಬಕ್ಕತಲೆಗೆ ಬಳಕೆಯಲ್ಲಿರುವ ಫಿನಾಸ್ಟೆರೈಡ್ ಗುಳಿಗೆಯು ಕೆಲವರಲ್ಲಿ ಕಾಮಶಕ್ತಿಯನ್ನು ಕುಗ್ಗಿಸಬಲ್ಲದು. ವೈದ್ಯರ ಸಲಹೆಯಿಲ್ಲದೆ ಕೊಳ್ಳಬಾರದು. ಒಡೆದ ಗುಳಿಗೆಯನ್ನು ಮನೆಯ ಗರ್ಭಿಣಿಯರು ಮುಟ್ಟಲೂ ಬಾರದು. ಗರ್ಭದಲ್ಲಿರುವ ಗಂಡುಶಿಶುವಿಗೆ ಅಪಾಯವುಂಟು. ಹಿಂದಲೆಯ ಬೇರುಗಳನ್ನು ಕಿತ್ತು ಮುಂದೆ ನೆಡುವ ಶಸ್ತ್ರಕ್ರಿಯೆಯೂ ಇದೆ. ಗರುಗದ ಸೊಪ್ಪಿನ ಎಣ್ಣೆಯನ್ನು ನಾವು ನಿಂದಿಸುವದಿಲ್ಲ. ಅದು ತಲೆಯನ್ನು ತಂಪಾಗಿಡುವದು, ನಿದ್ದೆಯನ್ನು ಕೊಡುವದು. ಸತ್ತ ಬೇರನ್ನು ಎಬ್ಬಿಸದು.

ಖಾನಾಪುರದಿಂದ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಸುಮಾರು 25 ಕಿಲೋಮೀಟರು ದಾರಿ. ಹೋಗುವಾಗ ಮೂರು ಸಂಗತಿಗಳನ್ನು ನೆನಪಿಟ್ಟುಕೊಂಡು ಹೋಗಬೇಕು: ಎಂದಿನಿಂದ ಉದುರತೊಡಗಿತು, ಅದಕ್ಕೆ ಮೂರು ತಿಂಗಳು ಮೊದಲು ಏನಾಗಿತ್ತು, ಮನೆತನದಲ್ಲಿ ಯಾರಾರಿಗೆ ಇತ್ತು. ನೆತ್ತಿಯ ಸ್ಥಿತಿಯು ತನಗೆ ಕಾಣದಿದ್ದರೆ ಕ್ಷೌರಿಕನನ್ನು ಕೇಳಬೇಕು. ಅವನು ಅದನ್ನು ತಿಂಗಳು ತಿಂಗಳು ನೋಡುತ್ತಿರುವನು.