ಅಜ್ಜಿಯ ಬಾಟಲಿಯಲ್ಲೂ ದ್ರಾಕ್ಷಿಯೇ

ಮಗಳು ಪಿಯುಸಿಯಲ್ಲಿ ಡಿಸ್ಟಿಂಕ್ಷನ್ ಪಡೆದಳೆಂದು, ಬೆಂಗಳೂರಿನಿಂದ ಬಂದ ತಮ್ಮ ನಮ್ಮನ್ನೆಲ್ಲ ಕೊಟ್ಟೂರಿನಿಂದ ಹೊಸಪೇಟೆಯ ದೊಡ್ಡ ಹೋಟೆಲಿಗೆ ಕರೆದೊಯ್ದ. ನನಗಾದರೆ ಊರಿನ ಮಿರ್ಚಿ-ಮಂಡಕ್ಕಿಯೇ ಸಾಕಿತ್ತು, ಕೇಳುವವರಾರು? ಊಟ ಮುಗಿದು ಐಸ್‌ಕ್ರೀಮ್ ಬರುವ ಹೊತ್ತಿಗೆ ತಮ್ಮನ ಮುಂದೆ ಪುಟ್ಟದೊಂದು ಗ್ಲಾಸು ಬಂತು. ಒಳಗೆ ಜೇನಿನ ಬಣ್ಣದ ದ್ರವ. ಡೆಸರ್ಟ್ ವೈನ್ ಅಂತೆ. ಊಟದ ಕೊನೆಗೆ ಸಿಹಿತಿಂಡಿಯ ಜೊತೆ ಗುಟುಕರಿಸುವ ಸಿಹಿ ದ್ರಾಕ್ಷಾರಸ.

‘ಹೆಂಡ ಕುಡಿಯಾಕ ಇಲ್ಲೀತನಕ ಕರ್ಕೊಂಡು ಬಂದ್ಯೇನಲೇ?’ ಅವ್ವ ಸಿಡಿದಳು. ಅವಳ ತವರು ಕೂಡ್ಲಿಗಿ. ಗಾಂಧೀಜಿಯ ಚಿತಾಭಸ್ಮ ಇರಿಸಿದ ಸ್ಮಾರಕವಿರುವ ಊರು. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಅಷ್ಟರೊಳಗೆ ನಮ್ಮ ದೊಡ್ಡಪ್ಪನ ಎರಡು ಎಕರೆ ಹೊಲ ಸಾರಾಯಿ ಅಂಗಡಿಯ ಪಾಲಾಗಿತ್ತು. ಅದನ್ನು ಕಣ್ಣಾರೆ ಕಂಡವಳ ಸಿಟ್ಟಿಗೆ ಅರ್ಥವಿತ್ತು. ಅದೇ 2007ರಲ್ಲಿ ಸರ್ಕಾರ ವೈನ್ ಮಂಡಳಿ ಸ್ಥಾಪಿಸಿತೆಂಬುದನ್ನು ನಾನು ಹೇಳಹೋಗಲಿಲ್ಲ.

ಮಗಳ ತಲೆಯಲ್ಲಿ ಬೇರೆಯೇ ಪ್ರಶ್ನೆ. ‘ಸಕ್ಕರೆಯನ್ನು ಯೀಸ್ಟ್ ತಿಂದರೆ ತಾನೇ ಆಲ್ಕೋಹಾಲ್ ಆಗೋದು? ಹಾಗಿದ್ರೆ ಇದರಲ್ಲಿ ಸಿಹಿ ಹೆಂಗ ಉಳೀತು ಚಿಕ್ಕಪ್ಪ?’

‘ಅದೆಲ್ಲ ನಿನಗ್ಯಾಕ?’ ಎನ್ನುವ ಮಾತು ನನ್ನ ಬಾಯಿಯ ತುದಿಗೆ ಬಂದಿತ್ತು. ಅಂಕಪಟ್ಟಿ ನೋಡಿ ಬೀಗಿದ ಅಪ್ಪ ಪ್ರಶ್ನೆಗೆ ಹೆದರುವುದೇ ಎಂದು ನುಂಗಿಕೊಂಡೆ.

ಪ್ರಶ್ನೆ ಸರಿಯಾಗಿಯೇ ಇತ್ತು. ಈಚಲ ಮರದಿಂದ ಬೆಳಗಿನ ಜಾವ ಇಳಿಸಿದ ರಸ ಸಿಹಿ. ಬಿಸಿಲೇರಿದಂತೆ ಹುಳಿಯಾಗಿ ಅಮಲೇರುತ್ತದೆ. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುವ ಕೆಲಸ ಅದು. ಡೆಸರ್ಟ್ ವೈನ್ ಮಾಡುವವರು ಈ ಕೆಲಸವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ದ್ರಾಕ್ಷಿ ಹಣ್ಣಾದರೂ ಕೊಯ್ಯದೆ ಬಳ್ಳಿಯಲ್ಲೇ ಬಿಡುವುದು ಒಂದು ಉಪಾಯ. ನೀರು ಆರಿ ಹಣ್ಣು ಸುಕ್ಕಾಗುತ್ತದೆ, ಸಕ್ಕರೆ ಗಟ್ಟಿಯಾಗುತ್ತದೆ. ವಿಜಯಪುರದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ನಡೆಯುವುದರ ಅರ್ಧ ದಾರಿ ಎನ್ನಿ. ಅತಿಯಾದ ಸಕ್ಕರೆ ಯೀಸ್ಟಿಗೂ ಆಗಿಬರುವುದಿಲ್ಲ. ಜೇನು ಕೆಡದಿರುವುದೂ ಬಹುಮಟ್ಟಿಗೆ ಇದೇ ಕಾರಣಕ್ಕೆ. ಜೊತೆಗೆ ತಾನೇ ತಯಾರಿಸಿದ ಆಲ್ಕೋಹಾಲು ಏರುತ್ತ ಹೋದಂತೆ ಯೀಸ್ಟ್ ಸೋತು ನಿಲ್ಲುತ್ತದೆ. ಉಳಿದ ಸಕ್ಕರೆಯೇ ಆ ಸಿಹಿ. ಪೋರ್ಚುಗಲ್‌ನ ಪೋರ್ಟ್ ವೈನಿಗೆ ನಡುವೆಯೇ ದ್ರಾಕ್ಷಿಯ ಮದ್ಯಸಾರ ಸುರಿದು ಯೀಸ್ಟನ್ನು ಕೊಲ್ಲುತ್ತಾರೆ. ಫ್ರಾನ್ಸಿನ ಸೋತೆರ್ನ್‌ನಲ್ಲಂತೂ ಹಣ್ಣಿಗೆ ಬೂಷ್ಟು ಹಿಡಿಯಲೆಂದೇ ಕಾಯುತ್ತಾರೆ! ತಮ್ಮನ ಗ್ಲಾಸಿನಲ್ಲಿದ್ದದ್ದು ನಾಸಿಕ್‌ನ ಶೆನಿನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಯದು, ತಡವಾಗಿ ಕೊಯ್ದದ್ದು.

ಅವ್ವ ಕೈ ತೊಳೆಯಲು ಎದ್ದಾಗ ನಾನೂ ಒಂದು ಗುಟುಕು ರುಚಿ ನೋಡಿದೆ, ಒಪ್ಪಿಕೊಳ್ಳುತ್ತೇನೆ. ಒಣದ್ರಾಕ್ಷಿ ನೆನೆಸಿದ ನೀರಿಗೆ ಜೇನು ಬೆರೆಸಿ, ಮೇಲೆ ನಿಂಬೆ ಹಿಂಡಿದಂತಿತ್ತು. ನಾಲಿಗೆಗೆ ಹಿತ, ಅಪಾಯವೂ ಅಲ್ಲೇ ಇದೆ. ಸಿಹಿಯ ಮರೆಯಲ್ಲಿ ಅಮಲು ಗೊತ್ತಾಗುವುದಿಲ್ಲ. ಮಗಳಿಗೆ ಇದನ್ನೂ ಹೇಳಿದೆ. ಅವಳು ಗ್ಲಾಸನ್ನು ಮೂಸಿ ನೋಡಿ ಐಸ್‌ಕ್ರೀಮಿಗೆ ಮರಳಿದಳು.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಮರುದಿನ ರಾತ್ರಿ ಅವ್ವ ಗೂಡಿನಿಂದ ತನ್ನ ದ್ರಾಕ್ಷಾರಿಷ್ಟದ ಬಾಟಲಿ ತೆಗೆದಳು. ಎಷ್ಟೋ ವರ್ಷಗಳಿಂದ ಊಟವಾದ ಮೇಲೆ ತಪ್ಪದೆ ತೆಗೆದುಕೊಳ್ಳುತ್ತಾಳೆ. ಮಗಳು ಚೀಟಿ ಓದಿದಳು: ತಾನಾಗಿ ಉತ್ಪತ್ತಿಯಾದ ಆಲ್ಕೋಹಾಲ್, ಶೇಕಡ 5ರಿಂದ 10. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂ ಹಾಕಿ ಮುಚ್ಚಿಟ್ಟು ಹುದುಗಿಸಿದ ಔಷಧಿ. ಹುದುಗಿದ ಮೇಲೂ ಸಿಹಿ ಉಳಿದಿರುತ್ತದೆ.

‘ಅಜ್ಜಿ, ಇದೂ ಚಿಕ್ಕಪ್ಪನ ಗ್ಲಾಸಿನ ಸಂಬಂಧಿಕನೇ!’

ಅವ್ವ ಬಾಟಲಿಯನ್ನು ದೀಪಕ್ಕೆ ಹಿಡಿದು ನೋಡಿದಳು. ಆಮೇಲೆ ಎಂದಿನಂತೆ ಎರಡು ಚಮಚ ಅಳೆದು, ಅಷ್ಟೇ ನೀರು ಬೆರೆಸಿದಳು.

‘ನನಗ ಪಂಡಿತರು ಎರಡು ಚಮಚ ಅಂತ ಹೇಳ್ಯಾರ. ನಿಮ್ಮ ಚಿಕ್ಕಪ್ಪಗ ಅಳತಿ ಯಾರು ಹೇಳ್ಯಾರ, ಕೇಳು.’