ನಿಮಗಿದು ಗೊತ್ತೆ? ಹೊಳೆಗೆ ಅಂಕ ತರುವ ಹುಳುಗಳು

ಬ್ರಿಟನ್ನಿನಲ್ಲಿ ಹೊಳೆಗಳಿಗೂ ಅಂಕ ಉಂಟು. ತಂದುಕೊಡುವುದು ತಳದ ಹುಳುಗಳು! ನೀರಿಗಿಳಿದು ಮೂರು ನಿಮಿಷ ಕಾಲಿನಿಂದ ಕಲ್ಲುಗಳನ್ನು ಕೆದಕಿದರೆ, ಎದ್ದ ಹುಳುಗಳು ಹರಿವಿಗೆ ಅಡ್ಡ ಹಿಡಿದ ಬಲೆಗೆ ಬೀಳುತ್ತವೆ. ಆಮೇಲೆ ಎಣಿಕೆ. 1980ರ ಸುಮಾರಿಗೆ ಅಲ್ಲಿ ಬಂದ ಪದ್ಧತಿಯಲ್ಲಿ, ಆಮ್ಲಜನಕ ಕುಗ್ಗಿದರೆ ತಾಳಲಾರದ ಸ್ಟೋನ್‌ಫ್ಲೈ ಕೀಟದ ಬಹುತೇಕ ಕುಟುಂಬಗಳಿಗೆ ತಲಾ 10 ಅಂಕ ಸಿಗುತ್ತಿತ್ತು. ಕೊಳಚೆಯಲ್ಲೂ ಬಾಳುವ ಕೆಸರುಹುಳುಗಳಿಗೆ ಬರೀ 1.

ಬಾಟಲಿಯಲ್ಲಿ ತಂದ ನೀರಿನ ಪರೀಕ್ಷೆ ಆ ಹೊತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಹುಳುಗಳದು ಹಾಗಲ್ಲ. ಸ್ಟೋನ್‌ಫ್ಲೈಗಳಲ್ಲಿ ಕೆಲವಂತೂ ರೆಕ್ಕೆ ಮೂಡುವ ಮುನ್ನ ಎರಡು ಮೂರು ವರ್ಷ ನೀರಲ್ಲೇ ಬೆಳೆಯುತ್ತವೆ. ಹೋದ ವಾರ ರಾತ್ರೋರಾತ್ರಿ ಹರಿಯಬಿಟ್ಟ ವಿಷ ಕೊಚ್ಚಿಹೋಗಿದ್ದರೂ, ಇರಬೇಕಾದ ಹುಳು ಕಾಣೆಯಾಗಿರುವುದೇ ಸುಳಿವು ಕೊಡುತ್ತದೆ.